ಹೊಟ್ಟೆ ತುಂಬಿದಾಗ ನಿಲ್ಲುವ ಜೀಪು

ತ್ರಾಸಿಯ ಕಡಲ ಕರೆಯಲ್ಲಿ ದೋಣಿ ಎಳೆಯುವ ಜೀಪು ಯಾರದ್ದು ಎಂದು ಕೇಳಿದರೆ ಜನ ಇವತ್ತಿಗೂ ಪದ್ದುವಿನ ಜೀಪು ಎಂದೇ ಹೇಳುತ್ತಾರೆ. ಪದ್ದು ತೀರಿಕೊಂಡು ಆರು ಮಳೆಗಾಲ ಕಳೆಯಿತು. ಈಗ ಜೀಪಿನ ಕಾಗದಪತ್ರ ಅವನ ಹೆಂಡತಿ ವನಜಳ ಹೆಸರಿನಲ್ಲಿದೆ. ಡೀಸೆಲ್ ಹಾಕಿಸುವವಳು ಅವಳು, ಟಯರು ಸವೆದರೆ ಕುಂದಾಪುರಕ್ಕೆ ಓಡುವವಳು ಅವಳು, ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯದಂತೆ ದಿನಾ ಬಾವಿನೀರಿನಲ್ಲಿ ತೊಳೆಸುವವಳೂ ಅವಳೇ. ಹೆಸರು ಮಾತ್ರ ಪದ್ದುವಿನದ್ದು. ವನಜಳಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಸತ್ತ ಗಂಡನ ಹೆಸರು ದಿನಾ ನಾಲ್ಕು ಜನರ ಬಾಯಲ್ಲಿ ಬಂದರೆ ಯಾವ ಹೆಂಡತಿಗೆ ಬೇಸರ?

ವನಜ ಹುಟ್ಟಿದ್ದು ಬೈಂದೂರಿನ ಹತ್ತಿರ ಉಪ್ಪುಂದದಲ್ಲಿ. ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಹೆಸರು ಬರೆಯುತ್ತಾಳೆ, ಬಸ್ಸಿನ ಬೋರ್ಡು ಓದುತ್ತಾಳೆ. ಮದುವೆಯಾಗಿ ತ್ರಾಸಿಗೆ ಬಂದ ವರ್ಷವೇ ತಲೆಗೆ ಬುಟ್ಟಿ ಏರಿತು. ಬೆಳಗಿನ ಬಸ್ಸಿಗೆ ಬ್ರಹ್ಮಾವರ, ಅಲ್ಲಿಂದ ಇನ್ನೊಂದು ಬಸ್ಸಿಗೆ ಕೊಕ್ಕರ್ಣೆ. ಜೊತೆಗೆ ಪಕ್ಕದ ಮನೆಯ ಸುಗುಣ. ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ಒಂದೇ ಎಲೆಯ ವೀಳ್ಯ ಹರಿದು ಹಂಚಿಕೊಂಡು ಮುದುಕಿಯರಾದರು. ಕೊಕ್ಕರ್ಣೆಯ ಯಾವ ಮನೆಯಲ್ಲಿ ಯಾವ ವಾರ ಮೀನು ತಿನ್ನುವುದಿಲ್ಲ, ಯಾವ ಮನೆಯ ಅಜ್ಜಿಗೆ ಮುಳ್ಳು ಕಡಿಮೆ ಇರುವ ಮೀನೇ ಆಗಬೇಕು, ಯಾವ ಮನೆಯ ನಾಯಿ ಬೊಗಳದೆ ಕಚ್ಚುತ್ತದೆ, ಎಲ್ಲ ವನಜಳಿಗೆ ಬಾಯಿಪಾಠ. ಮೀನು ಒಂದಿಷ್ಟು ಹಳೆಯದಾಗಿದ್ದರೆ ಅವಳೇ ಹೇಳುತ್ತಿದ್ದಳು: "ಇದ್ ನಿನ್ನೆದ್ ಕಾಣಿ ಅಮ್ಮ. ಹುರೂಕೆ ಆಪುದಿಲ್ಲ, ಸಾರಿಗಾರೆ ಅಡ್ಡಿಲ್ಲ." ಹಾಗೆ ಹೇಳಿ ಮಾರಿದ್ದಕ್ಕೇ ಅವಳ ಬುಟ್ಟಿ ಎಂದೂ ಉಳಿದದ್ದಿಲ್ಲ.

ಜೀಪು ತಂದವನು ಪದ್ದು. ಕೊಲ್ಲೂರು ಕಡೆಯ ರಬ್ಬರ್ ತೋಟದವರು ಮಾರಲು ಇಟ್ಟಿದ್ದ ಹಳೇ ಡೀಸೆಲ್ ಜೀಪು, ನಾಲ್ಕೂ ಚಕ್ರ ಎಳೆಯುವಂಥದ್ದು. ಬರೀ ಹಿಂದಿನ ಚಕ್ರ ತಿರುಗುವ ಗಾಡಿ ಮರಳಿಗಿಳಿದರೆ ಹೂತುಹೋಗುತ್ತದೆ. ಇದು ಹಾಗಲ್ಲ. ಫೋರ್ ವೀಲ್ ಹಾಕಿ ಬಿಟ್ಟರೆ ಎಮ್ಮೆಯ ಹಾಗೆ ತಲೆ ತಗ್ಗಿಸಿ ದೋಣಿಯನ್ನು ಅಲೆಯಿಂದ ಕಿತ್ತು ದಂಡೆಗೆ ತರುತ್ತದೆ. ಅದಕ್ಕೆ ಮುಂಚೆ ಗಂಡಸರೆಲ್ಲ ಹೆಗಲು ಕೊಟ್ಟು, ಐಸಾ ಹಾಕಿ ದೂಡಬೇಕಿತ್ತು. ಜೀಪು ಬಂದ ಮೇಲೆ ಊರಿನವರು ಕೂತು ಮಾತಾಡಿ ಒಂದು ಕ್ರಮ ಮಾಡಿದರು. ದೋಣಿಗೆ ಪಾಲು, ಬಲೆಗೆ ಪಾಲು, ಎಂಜಿನ್ನಿಗೆ ಪಾಲು ಇದ್ದ ಹಾಗೆ ಜೀಪಿಗೆ ಅರ್ಧ ಪಾಲು ಮೀನು. ಪದ್ದು ಹೋದ ಮೇಲೂ ಆ ಅರ್ಧ ಪಾಲು ವನಜಳಿಗೆ ಬರುತ್ತಿತ್ತು. ಅವಳ ತಮ್ಮನ ಮಗ ಸುಧೀರ್ ಜೀಪು ಓಡಿಸುತ್ತಿದ್ದ. ಕಡಲಿಗೆ ಇಳಿಯದ ಹೆಂಗಸಿಗೆ ಕಡಲ ಕರೆಯಲ್ಲಿ ನಿಲ್ಲಲು ಒಂದು ಜಾಗ ಇದ್ದದ್ದು ಆ ಜೀಪಿನಿಂದ.

ಶಿವರಾತ್ರಿ ಕಳೆದ ಮೇಲೆ ಜೀಪಿಗೆ ರೋಗ ಹಿಡಿಯಿತು.

ಮೊದಲ ಸಲ ನಿಂತದ್ದು ಬಚ್ಚನ ದೋಣಿ ಎಳೆಯುವಾಗ. ದೋಣಿ ಅರ್ಧ ಮೇಲೆ ಬಂದಿತ್ತು. ಎಂಜಿನ್ ಎರಡು ಸಲ ಬಿಕ್ಕಳಿಸಿತು, ಮೂರನೆಯದಕ್ಕೆ ಸುಮ್ಮನಾಯಿತು. ಹಿಂದಿನಿಂದ ಬಂದ ಅಲೆ ದೋಣಿಯನ್ನು ಅಡ್ಡಕ್ಕೆ ತಿರುಗಿಸಿ ಹೊಡೆಯಿತು. ಗಂಡಸರು ಹಾರಿ ಬದಿಗಾದರು. ಯಾರ ಕಾಲೂ ಅಡಿಗೆ ಸಿಗಲಿಲ್ಲ, ಅದೇ ಪುಣ್ಯ.

"ಹ್ವಾಯ್ ಸುಧೀರ, ಜೀಪಿಗೆ ಒಂದ್ ಚಾ ಕುಡ್ಸಾ! ಪಾಪ, ನಿದ್ರಿ ಬಂದಿತ್ ಕಾಣತ್ತ್" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿನಲ್ಲಿ ಜೀಪು ತನ್ನಷ್ಟಕ್ಕೆ ಸ್ಟಾರ್ಟ್ ಆಯಿತು, ಏನೂ ಆಗದ ಹಾಗೆ ಮಿಕ್ಕ ದೋಣಿ ಎಳೆಯಿತು.

ಆಮೇಲೆ ಅದೇ ಅಭ್ಯಾಸವಾಯಿತು. ಒಂದು ದಿನ ನಿಲ್ಲುತ್ತದೆ, ಮರುದಿನ ನಿಲ್ಲುವುದಿಲ್ಲ. ನಾಲ್ಕು ದಿನ ಗಂಡುಗೂಳಿಯಾಗಿ ಓಡಿ ಐದನೇ ದಿನ ಎರಡು ಸಲ ಸಾಯುತ್ತದೆ. ಕುಂದಾಪುರದ ಮೆಕ್ಯಾನಿಕ್ ಜಿತೇಂದ್ರ ಫಿಲ್ಟರ್ ಬದಲಿಸಿದ, ಡೀಸೆಲ್ ಪಂಪು ಬಿಚ್ಚಿ ತೊಳೆದ, ದಿನವಿಡೀ ಹೆದ್ದಾರಿಯಲ್ಲಿ ಓಡಿಸಿ ನೋಡಿದ. ಒಂದು ಸಲವೂ ನಿಲ್ಲಲಿಲ್ಲ. ಬೈಂದೂರಿನ ವಯರಿಂಗ್ ಕೆಲಸದವನು ವಯರುಗಳನ್ನೆಲ್ಲ ಎಳೆದೆಳೆದು ನೋಡಿ ಎರಡು ಹೊಸತು ಹಾಕಿದ. ಅವನ ಅಂಗಡಿಯೆದುರು ಜೀಪು ಬೆಕ್ಕಿನ ಹಾಗೆ ಗುರುಗುಟ್ಟುತ್ತಾ ನಿಂತಿತ್ತು. ಮರಳಿಗೆ ಬಂದ ಮೇಲೆ ಮತ್ತೆ ಅದೇ ಕಥೆ.

ಇಷ್ಟೂ ತಿರುಗಾಟಕ್ಕೆ ವನಜಳ ಜೊತೆಗಿದ್ದವನು ಬಚ್ಚ. ಪದ್ದುವಿನ ಜೊತೆ ಒಂದೇ ದೋಣಿಯಲ್ಲಿ ಬೆಳೆದವನು. ಪದ್ದುವನ್ನು ಅಣ್ಣ ಎನ್ನುತ್ತಿದ್ದ, ವನಜಳನ್ನು ಅತ್ಗೆ ಎನ್ನುತ್ತಾನೆ. ಪದ್ದುವಿನ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಮುಂದಿನವನು ಅವನೇ. ಸಂಜೆಯಾದರೆ ಅವಳ ಜಗಲಿಗೆ ಬಂದು ಚಾ ಕುಡಿದು ಹೋಗುವುದು ಅವನ ಕ್ರಮ. ಫೈಬರ್ ದೋಣಿಗೆ ಬಿರುಕು ಬಿಟ್ಟರೆ ಅಂಟು ಕಲಸಿ ಮೆತ್ತುವುದರಲ್ಲಿ ಆ ಕರೆಯಲ್ಲಿ ಅವನನ್ನು ಬಿಟ್ಟರೆ ಬೇರೆಯವರಿಲ್ಲ. ಜಿತೇಂದ್ರ ಪಂಪು ಬಿಚ್ಚುವಾಗ ಬಗ್ಗಿ ಟಾರ್ಚ್ ಹಿಡಿದು ನಿಂತವನು ಬಚ್ಚ. ಜೀಪಿಗೆ ಕ್ಯಾನಿನಿಂದ ಡೀಸೆಲ್ ಬಗ್ಗಿಸುವಾಗ ಮುಚ್ಚಳ ಕೈಯಲ್ಲಿ ಹಿಡಿದು ಕಾಯುವವನೂ ಬಚ್ಚ.

"ಡೀಸೆಲ್ ಕಮ್ಮಿ ಇದ್ರೆ ಅಡಿಯ ಕೆಸರ್ ಎಳಿತ್ ಅತ್ಗೆ" ಎಂದಿದ್ದ ಅವನು. "ಟ್ಯಾಂಕ್ ಯಾವಾಗ್ಲೂ ಫುಲ್ ಇಡ್ಕ್. ಕಾಣ್, ಸರಿ ಆತ್ತ್."

ವನಜ ಟ್ಯಾಂಕ್ ತುಂಬಿಸಿಯೇ ಇಡತೊಡಗಿದಳು. ಜೀಪು ಮೊದಲಿಗಿಂತ ಹೆಚ್ಚು ನಿಲ್ಲತೊಡಗಿತು.

"ದೃಷ್ಟಿ ಆಯ್ತ್ ಕಾಣತ್ತ್" ಎಂದು ಬಚ್ಚ ಲಿಂಬೆಹಣ್ಣು ಮೆಣಸು ಕಟ್ಟಿದ. ಅದನ್ನೂ ನೋಡಿ ಕರೆಯಲ್ಲಿ ನಕ್ಕರು. "ಅಜ್ಜಿ ಜೀಪಿಗೆ ಅಲಂಕಾರ ಜಾಸ್ತಿ, ಉಸುರ್ ಕಮ್ಮಿ!"

ಅದೇ ಹೊತ್ತಿಗೆ ಬಚ್ಚನ ಅಳಿಯ ನಿತೇಶ್, ಮುಂಬೈಯ ಕ್ಯಾಂಟೀನ್ ಕೆಲಸ ಬಿಟ್ಟು ಬಂದವನು, ಒಂದು ಟ್ರ್ಯಾಕ್ಟರ್ ತಂದು ಮಾವನ ಅಂಗಳದಲ್ಲಿ ನಿಲ್ಲಿಸಿದ್ದ. ಮಳೆಗಾಲಕ್ಕೆ ಮುಂಚೆ, ಬರುವ ಶನಿವಾರ ಭಜನಾ ಮಂದಿರದಲ್ಲಿ ಊರಿನವರು ಕೂರುವುದೆಂದೂ, ಈ ವರ್ಷ ದೋಣಿ ಎಳೆಯುವುದು ಜೀಪೋ ಟ್ರ್ಯಾಕ್ಟರೋ ಎಂದು ತೀರ್ಮಾನ ಮಾಡುವುದೆಂದೂ ಮಾತು ಬಂತು. ಮಳೆಗಾಲದ ಅಲೆಯಲ್ಲಿ ಎಂಜಿನ್ ನಿಂತರೆ ಹೆಣ ಬೀಳುತ್ತದೆ ಎಂದು ಅವರು ಹೇಳಿದ್ದು ಸುಳ್ಳಲ್ಲ. ವನಜಳಿಗೆ ಅದು ಒಪ್ಪಿಗೆಯಾಗುವ ಮಾತೇ. ಅಷ್ಟರೊಳಗೆ ರೋಗ ಎಲ್ಲಿದೆ ಎಂದು ಸಿಗಬೇಕು, ಇಲ್ಲವೇ ಜೀಪು ಅಂಗಳ ಸೇರಬೇಕು.

ಅವಳು ಕೊಕ್ಕರ್ಣೆಗೆ ಹೋಗುವುದನ್ನು ನಿಲ್ಲಿಸಿ ಜೀಪಿನಲ್ಲಿ ಸುಧೀರನ ಪಕ್ಕ ಕೂತಳು. ಮಾತಿಲ್ಲ, ಕತೆಯಿಲ್ಲ. ಸುಧೀರನಿಗೆ ಕಸಿವಿಸಿ.

"ಎಂತ ಅತ್ತೆ ಹೀಂಗ್ ಕಾಂತ್ರಿ? ನಾ ಡೀಸೆಲ್ ಕದಿತೆ ಅಂದಾ?"

"ಸುಮ್ನೆ ಓಡ್ಸ್. ಮೀನ್ ಕೆಟ್ಟಿತಾ ಇಲ್ಯಾ ಅಂದ್ ಮೀನ್ ಬಾಯಿ ಬಿಟ್ ಹೇಳತ್ತಾ? ಕಿವಿರ್ ಎತ್ತಿ ಒಳ್ಗ್ ಕಾಣ್ಕ್."

ಅವಳು ನೋಡಿದ್ದು ಇದು. ಗುಂಡಿಗೆ ಬಿದ್ದು ಎದ್ದರೂ ಜೀಪು ನಿಲ್ಲುವುದಿಲ್ಲ, ಹಾಗಾಗಿ ವಯರಿನದ್ದಲ್ಲ. ಬಿಸಿಲಿಗೂ ನಿಲ್ಲುತ್ತದೆ, ತಂಪಿಗೂ ನಿಲ್ಲುತ್ತದೆ. ನಿಲ್ಲುವ ಮುಂಚೆ ಒಮ್ಮೆಲೇ ಸಾಯುವುದಿಲ್ಲ. ಸಣ್ಣ ಮಗು ಮೊಲೆಹಾಲು ಬಾರದಿದ್ದಾಗ ಎಳೆದೆಳೆದು ಬಿಡುವ ಹಾಗೆ ಎಂಜಿನ್ ಎಳೆದೆಳೆದು ಬಿಡುತ್ತದೆ. ಒಂದು ದಿನ ಡೀಸೆಲ್ ತರಲು ಮರೆತು ಟ್ಯಾಂಕಿನ ತಳದಲ್ಲಿ ಇದ್ದಷ್ಟರಲ್ಲೇ ಇಳಿದರು. ಅವತ್ತು ಕಡೆಯ ದೋಣಿಯವರೆಗೂ ಜೀಪು ನಿಲ್ಲಲಿಲ್ಲ. ಮರುದಿನ ಬಾಯಿಮಟ್ಟ ತುಂಬಿಸಿದರು. ಮೂರನೇ ದೋಣಿಗೆ ಸತ್ತಿತು.

ಹೊಟ್ಟೆ ಖಾಲಿ ಇದ್ದಾಗ ಓಡುತ್ತದೆ, ತುಂಬಿದಾಗ ನಿಲ್ಲುತ್ತದೆ. ಯಾವ ಗಾಡಿ ಹೀಗೆ?

"ಮುಚ್ಚಳ ತೆಗ್ದ್ ಕಾಣ್, ಒಳಗೆ ಎಂತ ಇತ್ತ್" ಎಂದಳು. ಸುಧೀರ್ ಟ್ಯಾಂಕಿನ ಮುಚ್ಚಳ ತಿರುಗಿಸಿದ. ಮುಚ್ಚಳ ಬಿಗಿಯಾಗಿತ್ತು. ಬಿಟ್ಟಾಗ ಸುಂಯ್ ಎಂದಿತು. ಗಾಳಿ ಹೊರಗೆ ಬರಲಿಲ್ಲ, ಒಳಗೆ ಹೋಯಿತು. ವನಜ ಕಿವಿ ಹತ್ತಿರವೇ ಇಟ್ಟಿದ್ದಳು.

ಬಿಸಿ ಗಂಜಿ ಹಾಕಿ ಮುಚ್ಚಿದ ಸ್ಟೀಲ್ ಡಬ್ಬಿಯ ಮುಚ್ಚಳ ಗಂಜಿ ಆರಿದ ಮೇಲೆ ಹೀಗೇ ಕಚ್ಚಿಕೊಳ್ಳುತ್ತದೆ, ತೆಗೆದರೆ ಹೀಗೇ ಉಸಿರೆಳೆಯುತ್ತದೆ ಎಂದು ಅವಳಿಗೆ ಅನಿಸಿತು. "ಈಗ ಸ್ಟಾರ್ಟ್ ಮಾಡ್" ಎಂದಳು. ಒಂದೇ ತಿರುವಿಗೆ ಆಯಿತು. ಮರುದಿನ ಮತ್ತೆ ತುಂಬಿಸಿ ನೋಡಿದಳು, ಮತ್ತೆ ಹಾಗೇ. ಅದರ ಮರುದಿನ ಮುಚ್ಚಳ ಸಡಿಲ ಬಿಟ್ಟು ನೋಡಿದಳು. ಎಲ್ಲ ದೋಣಿ ದಂಡೆಗೆ ಬಂದವು, ಜೀಪು ಒಂದು ಬಿಕ್ಕಳಿಕೆಯನ್ನೂ ಕೊಡಲಿಲ್ಲ.

ಇದನ್ನೆಲ್ಲ ಅವಳು ಕುಂದಾಪುರದಲ್ಲಿ ಜಿತೇಂದ್ರನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ವನಜಕ್ಕ, ಇದನ್ನ ಮೊದ್ಲೇ ಹೇಳಿದ್ರೆ ಪಂಪ್ ಬಿಚ್ಚುದ್ ಬೇಡಿತ್ತ್! ನಾ ಮೊದ್ಲ್ ಮಾಡಿದ್ದೇ ಮುಚ್ಚಳ ತೆಗ್ದ್ ಕಡ್ಡಿ ಅದ್ದಿ ಕಂಡದ್ದ್. ಓಡ್ಸಿ ಕಾಂಬತಿಗೂ ಮುಚ್ಚಳ ತೆಗ್ದ್ ತೆಗ್ದ್ ಚೂರ್ ಚೂರೇ ಡೀಸೆಲ್ ಹಾಕ್ತಿದ್ದೆ. ಅಲ್ಲಿಗೇ ರೋಗ ಹೋಯ್ತಲ್ಲ, ಮತ್ತೆ ನಂಗ್ ಸಿಕ್ಕುದಾದ್ರೂ ಹೆಂಗೆ?"

ಅವನು ವಿವರಿಸಿದ. ಟ್ಯಾಂಕಿನಿಂದ ಡೀಸೆಲ್ ಹೋದ ಹಾಗೆ ಆ ಜಾಗಕ್ಕೆ ಗಾಳಿ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದು ಮುಚ್ಚಿದರೆ ಟ್ಯಾಂಕು ಡೀಸೆಲನ್ನು ಒಳಗೇ ಹಿಡಿದುಕೊಳ್ಳುತ್ತದೆ. ಟ್ಯಾಂಕ್ ತುಂಬಿದ್ದರೆ ಒಳಗೆ ಗಾಳಿಯೇ ಇಲ್ಲ, ಬೇಗ ಹಿಡಿಯುತ್ತದೆ.

"ನಿಮ್ ದೋಣಿಯವ್ರಿಗೆ ಇದ್ ಗೊತ್ತಿಪ್ಪುದೇ ಅಲ್ದಾ? ಔಟ್‌ಬೋರ್ಡ್ ಎಂಜಿನ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಸ್ಕ್ರೂ ಇತ್ತಲ್ಲ. ಕಡ್ಲಿಗ್ ಹೋಪತಿಗೆ ಬಿಡ್ಸ್ತ್ರ್, ಬಂದ ಮೇಲೆ ಬಿಗಿತ್ರ್. ಬಿಡ್ಸುಕೆ ಮರ್ತ್ರೆ ನಡು ಕಡ್ಲಲ್ಲಿ ಎಂಜಿನ್ ಬಂದ್."

ವನಜಳಿಗೆ ಗೊತ್ತಿರಲಿಲ್ಲ. ಅವಳು ಕಡಲಿಗೆ ಹೋದವಳಲ್ಲ. ಹೋದವರಿಗೆ ಗೊತ್ತಿತ್ತು.

ಜಿತೇಂದ್ರ ಮುಚ್ಚಳದ ಒಳಬದಿ ಬೆಳಕಿಗೆ ಹಿಡಿದ. ತೂತು ಇರಬೇಕಾದಲ್ಲಿ ಬೂದು ಬಣ್ಣದ ಅಂಟು ಗಟ್ಟಿಯಾಗಿ ಕೂತಿತ್ತು. "ಇದ್ ಕಸ ಅಲ್ಲ ಅಕ್ಕ. ಯಾರೋ ಮೆತ್ತಿದ್." ಫೈಬರ್ ದೋಣಿಗೆ ಮೆತ್ತುವ ಅಂಟು. ಮೇಲೆ ಹೆಬ್ಬೆರಳಿನಿಂದ ಒತ್ತಿ ನಯ ಮಾಡಿದ್ದರು, ಬೆರಳಚ್ಚಿನ ನಡುವೆ ಉದ್ದಕ್ಕೆ ಒಂದು ಗೆರೆ. ಬಹಳ ಹಿಂದೆ ಹಗ್ಗ ಎಳೆದು ಬಚ್ಚನ ಹೆಬ್ಬೆರಳು ಸೀಳಿತ್ತು. ಆ ಗಾಯಕ್ಕೆ ಅರಸಿನ ಎಣ್ಣೆ ಕಾಯಿಸಿ ಹಾಕಿ ಬಟ್ಟೆ ಸುತ್ತಿದವಳು ವನಜಳೇ. ಗಾಯ ಹೇಗೆ ಕೂಡಿತು, ಗೆರೆ ಎಲ್ಲಿ ಉಳಿಯಿತು ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಜಿತೇಂದ್ರ ಬೇರೆ ಮುಚ್ಚಳ ಕೊಟ್ಟ. ಹಳೆಯದನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ದಾರಿಯಲ್ಲಿ ಸುಧೀರ್ ಹಲ್ಲು ಕಡಿಯುತ್ತಿದ್ದ. "ಅವ್ನ ಕೈ ಮುರಿತೆ ನಾ."

"ನೀ ಎಂತದೂ ಮುರಿಯುದ್ ಬೇಡ. ನಾ ಕೇಂತೆ."

ಸಂಜೆ ಬಚ್ಚ ಬಂದ. ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತು, "ಅತ್ಗೆ, ಚಾ ಆಯ್ತಾ?" ಎಂದ. ವನಜ ಚಾ ತಂದಿಟ್ಟಳು. ಪಕ್ಕದಲ್ಲಿ ಮುಚ್ಚಳವನ್ನು ಅಂಗಾತ ಇಟ್ಟಳು. ಬಚ್ಚನ ಕೈ ಲೋಟದ ಹತ್ತಿರ ಹೋಗಿ ನಿಂತಿತು.

"ಅಲೆ ನೀರ್ ಟ್ಯಾಂಕಿನೊಳ್ಗ್ ಹೋಪುದ್ ಬೇಡ ಅಂದ್ ಮುಚ್ಚಿದ್ಯಾ ಬಚ್ಚ?" ಎಂದು ಅವಳೇ ಕೇಳಿದಳು. ಅದು ಅವಳು ಅವನಿಗೆ ಬಿಟ್ಟುಕೊಟ್ಟ ದಾರಿ. ಅವಳ ಕಣ್ಣು ನೋಡಿ ಹೌದು ಎಂದರೆ ನಂಬಬೇಕು ಎಂದು ಕುಂದಾಪುರದಿಂದ ಬರುವಾಗಲೇ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

"ಹೌದ್ ಅತ್ಗೆ. ಅದೇ. ಉಪ್ಪುನೀರ್ ಅಲ್ದಾ." ಅವನು ಹೇಳಿದ್ದು ಚಾದ ಲೋಟಕ್ಕೆ.

"ಹಾಂಗಾರೆ ಪಂಪ್ ಬಿಚ್ಚುವಾಗ ಟಾರ್ಚ್ ಹಿಡ್ದ್ ನಿಂತ್ಯಲ್ಲ, ಆಗ ಎಂತಕೆ ಹೇಳ್ಲಿಲ್ಲ?"

"ನೆನಪಾಯ್ಲಿಲ್ಲ."

"ಟ್ಯಾಂಕ್ ಫುಲ್ ಇಡ್ಕ್ ಅಂಬುದ್ ನೆನಪಾಯ್ತ್?"

ಬಚ್ಚ ಮುಚ್ಚಳವನ್ನು ಮಗುಚಿ ಇಟ್ಟ. ಆಮೇಲೆ, "ಮೋಕ್ಷಿತ ದಿನಾ ಕಣ್ಣೀರ್ ಹಾಕತ್ತ್ ಅತ್ಗೆ" ಎಂದ. ಮೋಕ್ಷಿತಾ ಅವನ ಮಗಳು, ನಿತೇಶನ ಹೆಂಡತಿ. "ಅವ ಮುಂಬೈ ಬಿಟ್ ಬಂದ್ ಕೂಕಂಡ. ಟ್ರ್ಯಾಕ್ಟರ್ ತಂದ. ಅದಕ್ಕೆ ಕೆಲ್ಸ ಬೇಕಲ್ಲ."

"ನನ್ನತ್ರ ಕೇಂಬುಕೆ ನಿಂಗೆ ಬಾಯಿ ಇರ್ಲಿಲ್ಯಾ?"

"ಕೇಂಡ್ರೆ ನೀ ಇಲ್ಲ ಅಂದಿದ್ರೆ?"

ಅನ್ನುತ್ತಿದ್ದಳೋ ಏನೋ, ಅವಳಿಗೇ ಗೊತ್ತಿಲ್ಲ. ಇಲ್ಲ ಎನ್ನುವುದೋ ಹೂಂ ಎನ್ನುವುದೋ ಅವಳ ಬಾಯಿಂದ ಬರಬೇಕಾದ ಮಾತಾಗಿತ್ತು. ಅದನ್ನು ಬರುವುದಕ್ಕೆ ಮುಂಚೆಯೇ ಇವನು ಅಂಟು ಹಾಕಿ ಮುಚ್ಚಿದ್ದ. ಎಂಜಿನ್ ನಿಂತ ಮೊದಲ ದಿನ ಅಲೆಗೆ ತಿರುಗಿದ್ದು ಅವನದ್ದೇ ದೋಣಿ, ಅದರಡಿಗೆ ಅವನ ಜೊತೆಯವರೇ ಸಿಗುತ್ತಿದ್ದರು, ಅದಕ್ಕೂ ಅವನು ಸಿದ್ಧನಿದ್ದ.

"ಚಾ ಕುಡ್ದ್ ಹೋಗ್" ಎಂದು ಒಳಗೆ ಹೋದಳು. ತಿರುಗಿ ಬಂದಾಗ ಲೋಟ ತುಂಬಿಯೇ ಇತ್ತು, ಜಗಲಿ ಖಾಲಿಯಾಗಿತ್ತು.

ಶನಿವಾರ ಭಜನೆಯಾಗಿ ಮಂಗಳಾರತಿಯಾಯಿತು, ಪಂಚಕಜ್ಜಾಯ ಹಂಚಿದರು. ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ ಕೂತರು. ಬಚ್ಚ ಕಂಬದ ಹಿಂದೆ ಕೂತಿದ್ದ. ಊರಿನ ಹಿರಿಯರಾದ ಗುರಿಕಾರರು ಕೇಳಿದರು: "ವನಜ, ಜೀಪಿನ ಸಂಗ್ತಿ ಎಂತ ಆಯ್ತ್?"

ವನಜ ಎದ್ದು ನಿಂತಳು. "ದೋಷ ಸಿಕ್ಕಿತ್. ಟ್ಯಾಂಕಿನ ಮುಚ್ಚಳದ ಗಾಳಿ ತೂತಿಗೆ ಯಾರೋ ಅಂಟ್ ಮೆತ್ತಿದ್ರ್. ಹೊಸ ಮುಚ್ಚಳ ಹಾಕಿಯಾಯ್ತ್. ಇವತ್ತ್ ಟ್ಯಾಂಕ್ ತುಂಬ್ಸಿ ಎಲ್ಲಾ ದೋಣಿ ಎಳ್ದದ್ದ್ ನೀವೇ ಕಂಡ್ರಿ."

ಯಾರು ಮೆತ್ತಿದ್ದು ಎಂದು ಕೇಳುತ್ತಾರೆ. ಅದಕ್ಕೆ ಉತ್ತರವನ್ನು ಅವಳು ಮನೆಯಿಂದಲೇ ಮಾಡಿಕೊಂಡು ಬಂದಿದ್ದಳು. ಹೆಸರು ತಾನು ಹೇಳುವುದಿಲ್ಲ, ಮಾಡಿದವನೇ ಎದ್ದು ಹೇಳಲಿ, ಇಷ್ಟೇ. ಅವಳು ಕಾದಳು.

ಯಾರೂ ಕೇಳಲಿಲ್ಲ.

ಒಬ್ಬರು ಶಾಲು ಮಡಚಿದರು. ಒಬ್ಬರು ಮೇಲೆ ಫ್ಯಾನ್ ನೋಡಿದರು. "ಓ, ಅಷ್ಟೇಯಾ" ಎಂದು ಒಬ್ಬರು ಸಣ್ಣಗೆ ನಕ್ಕರು. ತೂತಿಗೆ ಅಂಟು ಮೆತ್ತಿದ್ದರು ಎಂದರೆ ಊರಿಡೀ ಎದ್ದು ನಿಲ್ಲಬೇಕಿತ್ತು. ದಿನಾ ಬೆಳಗ್ಗೆ ಗಾಳಿ ಸ್ಕ್ರೂ ಬಿಡಿಸುವ ಇಷ್ಟು ಜನ ಗಂಡಸರು, ಜೀಪು ಅಷ್ಟು ಸಲ ನಿಂತಾಗ ಒಬ್ಬನಾದರೂ ಮುಚ್ಚಳ ನೋಡು ಎನ್ನದೆ ಚಾ ಕುಡಿಸು ಎಂದು ನಕ್ಕಿದ್ದರು. ವನಜ ಪಕ್ಕದಲ್ಲಿ ಕೂತ ಸುಗುಣಳನ್ನು ನೋಡಿದಳು. ಸುಗುಣ ಸೆರಗಿನಿಂದ ಬಾಯಿ ಮುಚ್ಚಿ ಬೇರೆ ಕಡೆ ತಿರುಗಿದಳು.

"ನಿಂಗೂ ಗೊತ್ತಿತ್ತಾ ಸುಗುಣ?"

"ಗಂಡಸ್ರ್ ಮಾತಾಡ್ವಾಗ ಕಿವಿಗ್ ಬಿದ್ದಿತ್ ಮಾರಾಯ್ತಿ" ಎಂದಳು ಸುಗುಣ, ಅಳುವ ದನಿಯಲ್ಲಿ. "ಟ್ರ್ಯಾಕ್ಟರ್ ಬಂದ್ರೆ ಎಲ್ರಿಗೂ ಸಲೀಸ್ ಅಂದ್ರ್. ಪದ್ದಣ್ಣನ ಹೆಂಡ್ತಿ ಪಾಲ್ ಕಿತ್ಕಂಡ್ರ್ ಅಂಬು ಮಾತ್ ಬಪ್ಪುಕಾಗ, ಜೀಪ್ ತನ್ನಷ್ಟಕ್ಕೆ ನಿಂತ್ರೆ ಯಾರ್ ಮೇಲೂ ದೂರಿಲ್ಲ ಅಂದ್ರ್. ನಾ ಎಂತ ಹೇಳುದ್?"

ಅಷ್ಟೂ ದಿನ ಬಸ್ಸಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಕೂತವಳು. ಬಚ್ಚನ ಮಾತಿಗಿಂತ ಈ ಮಾತು ಒಳಗೆ ಇಳಿಯಿತು.

ಗುರಿಕಾರರು ಅವಸರದಿಂದ, "ಹಾಂಗಾರೆ ಈ ವರ್ಷವೂ ಜೀಪೇ ಇರ್ಲಿ. ಎಂತ ಹೇಳ್ತ್ರಿ?" ಎಂದರು. ಹೌದು ಹೌದು ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಅಷ್ಟು ಬೇಗ ಆ ಮಂದಿರದಲ್ಲಿ ಯಾವ ವಿಷಯವೂ ತೀರ್ಮಾನವಾದದ್ದಿಲ್ಲ. ಜೀಪು ಉಳಿಯಿತು. ವನಜ ಕೈ ಮುಗಿದು ಹೊರಗೆ ಬಂದಳು.

ಸೋಮವಾರ ಬಚ್ಚನ ದೋಣಿ ಬಂಗುಡೆ ತುಂಬಿ ಬಂತು. "ಎಳೂದಾ ಅತ್ತೆ?" ಎಂದು ಸುಧೀರ್ ಕೇಳಿದ. "ಪಾಲ್ ತಕಂತಿಲ್ಯಾ? ಎಳಿ" ಎಂದಳು. ಜೀಪು ಎಳೆಯಿತು.

ಆ ಕರೆಯಲ್ಲಿ ಮೀನು ಪಾಲು ಹಾಕುವುದಕ್ಕೆ ಒಂದು ಕ್ರಮವಿದೆ. ಮೀನನ್ನು ಮರಳ ಮೇಲೆ ಗುಪ್ಪೆಗುಪ್ಪೆಯಾಗಿ ಹಾಕುತ್ತಾರೆ. ಒಬ್ಬರು ಗುಪ್ಪೆಗಳಿಗೆ ಬೆನ್ನು ಹಾಕಿ ಕಡಲಿಗೆ ಮುಖ ಮಾಡಿ ನಿಲ್ಲಬೇಕು. ದೋಣಿಯವನು ಒಂದು ಗುಪ್ಪೆ ಮುಟ್ಟಿ "ಇದ್ ಯಾರಿಗ್?" ಎಂದು ಕೂಗಿದರೆ, ನೋಡದೆ ನಿಂತವರು ಬಾಯಿಗೆ ಬಂದ ಹೆಸರು ಹೇಳುತ್ತಾರೆ. ಅವರು ಹೇಳಿದ್ದೇ ಪಾಲು. ನೋಡದೆ ಹೇಳಿದ ಮೇಲೆ ತಕರಾರಿಲ್ಲ. ಹಾಗೆ ನಿಲ್ಲುವವರು ಯಾರಿಗೂ ಸಂಶಯ ಬಾರದವರು ಆಗಬೇಕು. ಎಷ್ಟೋ ಕಾಲದಿಂದ ಹಾಗೆ ನಿಲ್ಲುತ್ತಿದ್ದವಳು ವನಜ.

"ವನಜಕ್ಕ, ತಿರ್ಗಿ ನಿಲ್ಲಿ" ಎಂದು ಯಾರೋ ಹೇಳಿದರು.

ವನಜ ತಿರುಗಲಿಲ್ಲ. "ಬೇರೆ ಯಾರನ್ನಾರೂ ನಿಲ್ಸಿ. ನಾ ಕಾಂತಾ ನಿಲ್ತೆ."

ಕಡೆಗೆ ಸುಗುಣಳ ಗಂಡ ಕಡಲಿಗೆ ಮುಖ ಮಾಡಿ ನಿಂತ. ಬಚ್ಚ ಬಗ್ಗಿ ಮೊದಲ ಗುಪ್ಪೆ ಮುಟ್ಟಿ, ತಲೆ ಎತ್ತದೆ, "ಇದ್ ಯಾರಿಗ್?" ಎಂದ. ವನಜ ಬುಟ್ಟಿಯನ್ನು ಕಾಲ ಬುಡದಲ್ಲಿಟ್ಟುಕೊಂಡು, ಒಂದು ಗುಪ್ಪೆಯಿಂದ ಇನ್ನೊಂದಕ್ಕೆ ಅವನ ಕೈ ಹೋದ ಕಡೆಗೆಲ್ಲ ಕಣ್ಣು ಹಾಕಿ, ಕಡೆಯ ಮೀನು ಬುಟ್ಟಿಗೆ ಬೀಳುವವರೆಗೂ ನೋಡುತ್ತಾ ನಿಂತಳು.